ನಲ್ಲಿಯಿಂದ ದಿಲ್ಲಿಗೆ, ದಿಲ್ಲಿಯಿಂದ ನಲ್ಲಿಗೆ

ಕನ್ನಡದ ತರುಣರೇ,

2025ರ ಡಿಸೆಂಬರ್ 14ರಂದು ದಾವಣಗೆರೆಯ ಶಾಮನೂರು ಶಿವಶಂಕರಪ್ಪನವರು ತೀರಿಕೊಂಡರು. ವಯಸ್ಸು ತೊಂಬತ್ತನಾಲ್ಕು. ಕಣ್ಣು ಮುಚ್ಚುವ ದಿನದವರೆಗೂ ಅವರು ಶಾಸಕರು! ತೊಂಬತ್ತು ದಾಟಿದ ಮೇಲೆಯೂ 2023ರ ಚುನಾವಣೆಗೆ ನಿಂತು, ಗೆದ್ದು, ವಿಧಾನಸೌಧದ ಮೆಟ್ಟಿಲು ಹತ್ತಿದ ಮನುಷ್ಯ. ಅವರ ಹೆಸರೆತ್ತಿದರೆ ಸಾಕು, ಒಬ್ಬರು ಕಾಲೇಜು ಎನ್ನುತ್ತಾರೆ, ಇನ್ನೊಬ್ಬರು ಸಕ್ಕರೆ ಕಾರ್ಖಾನೆ ಎನ್ನುತ್ತಾರೆ, ಮತ್ತೊಬ್ಬರು ವೀರಶೈವ ಮಹಾಸಭೆ ಎನ್ನುತ್ತಾರೆ. ಅಭಿಮಾನಿಗಳಿಗೆ ಅವರು 'ದಾವಣಗೆರೆ ಧಣಿ'. ವಿರೋಧಿಗಳೂ ಅದೇ ಮಾತನ್ನು ಅನ್ನುತ್ತಿದ್ದರು, ದನಿ ಮಾತ್ರ ಬೇರೆ.

ನಮಗೆ ಇವತ್ತು ಬೇಕಾಗಿರುವುದು ಇದ್ಯಾವುದೂ ಅಲ್ಲ. ಅವರ ಬದುಕಿನಲ್ಲಿ ಜನ ಓಡುತ್ತಾ ದಾಟಿಬಿಡುವ ಒಂದು ಸಾಲಿದೆ: 'ದಾವಣಗೆರೆ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು.' ಇನ್ನೊಂದು ಸಾಲಿದೆ: '1998ರಲ್ಲಿ ಲೋಕಸಭಾ ಸದಸ್ಯರಾದರು.' ಈ ಎರಡು ಸಾಲುಗಳ ನಡುವೆ ಏನಿದೆ, ಆಮೇಲೆ ಏನಾಯಿತು ಅನ್ನುವುದು ನಮ್ಮ ವಿಷಯ. ಬೆಂಗಳೂರಿನ ಪಿ.ಜಿ.ಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಕೂತಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಹುಡುಗರಿಗೆ ಇದನ್ನು ಯಾಕೆ ಹೇಳುತ್ತಿದ್ದೇವೆ ಎಂಬುದು ಓದುತ್ತಾ ಹೋದರೆ ಗೊತ್ತಾಗುತ್ತದೆ.

ಶಿವಶಂಕರಪ್ಪನವರು ಹುಟ್ಟಿದ್ದು 1931ರ ಜೂನ್ 16ರಂದು. ಶಾಮನೂರು ಅಂದರೆ ದಾವಣಗೆರೆಗೆ ಅಂಟಿಕೊಂಡ ಊರು. ಕುಲಕಸುಬು ವ್ಯಾಪಾರ. ಆಗಿನ ದಾವಣಗೆರೆ ಎಂದರೆ ಹತ್ತಿ ಮಂಡಿ, ಗಿರಣಿಯ ಸೈರನ್ನು, ಎತ್ತಿನ ಗಾಡಿಗಳ ಸಾಲು. ಹರಪನಹಳ್ಳಿ, ಹಡಗಲಿ ಕಡೆಯ ಎರೆ ಹೊಲದ ಹತ್ತಿಗೂ ಜೋಳಕ್ಕೂ ಮಂಡಿ ಎಂದರೆ ದಾವಣಗೆರೆ. ನಿಮ್ಮ ಅಜ್ಜ ಗಾಡಿ ಕಟ್ಟಿಕೊಂಡು ಹೋಗಿ, ದಲ್ಲಾಳಿ ಅಂಗಡಿಯ ಜಗುಲಿ ಮೇಲೆ ರಾತ್ರಿ ಮಲಗಿ, ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಪಟ್ಟಿ ಬರೆಸಿಕೊಂಡು ಬಂದ ಊರು ಅದು. ಸರಹದ್ದಿನ ಗೆರೆ ಎಳೆದವರು ಮದರಾಸಿನಲ್ಲಿ ಒಂದು, ಮೈಸೂರಿನಲ್ಲಿ ಒಂದು ಎಂದು ಎಳೆದರೂ ಗಾಡಿಯ ಜಾಡು ಮಾತ್ರ ಅಳಿಸಲಿಲ್ಲ.

ಅಂಥ ಮಂಡಿ ಊರಿನಲ್ಲಿ ವ್ಯಾಪಾರಸ್ಥನೊಬ್ಬ ಮುನಿಸಿಪಾಲಿಟಿಗೆ ಆರಿಸಿ ಬರುವುದು, ಅಧ್ಯಕ್ಷನಾಗುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಆ ಕುರ್ಚಿ ಎಂಥದ್ದು ಎಂದು ಯೋಚಿಸಿ ನೋಡಿ. ಮಂತ್ರಿಗೆ ಕಾರ್ಯದರ್ಶಿ ಇದ್ದಾನೆ, ಎಂ.ಪಿ.ಗೆ ದಿಲ್ಲಿಯ ದೂರವಿದೆ. ಮುನಿಸಿಪಾಲಿಟಿ ಅಧ್ಯಕ್ಷನಿಗೆ ಏನಿದೆ? ನಲ್ಲಿಯಲ್ಲಿ ನೀರು ಬರಲಿಲ್ಲವೆಂದರೆ ಹೆಂಗಸರು ಕೊಡ ಹಿಡಿದುಕೊಂಡು ನೇರ ಅವನ ಮನೆ ಬಾಗಿಲಿಗೇ ಬರುತ್ತಾರೆ. ಚರಂಡಿ ಕಟ್ಟಿದರೆ ಅವನ ಹೆಸರಿಗೇ ಬೈಗುಳ. ಕಂದಾಯ ಏರಿಸಿದರೆ ಅಂಗಡಿ ಬಾಗಿಲು ಹಾಕಿ ಮೆರವಣಿಗೆ. ಪೌರಕಾರ್ಮಿಕರ ಸಂಬಳ ತಡವಾದರೆ ಮೂರೇ ದಿನಕ್ಕೆ ಊರು ನಾರುತ್ತದೆ. ಇಲ್ಲಿ ಭಾಷಣ ನಡೆಯುವುದಿಲ್ಲ. ತಪ್ಪಿಸಿಕೊಳ್ಳಲು ಬೆಂಗಳೂರೂ ಇಲ್ಲ, ದಿಲ್ಲಿಯೂ ಇಲ್ಲ. ಮತ್ತೆ ಅಲ್ಲಿ ನಡೆಯುವ ಮಾತೆಲ್ಲ ಕನ್ನಡ. ಠರಾವು ಕನ್ನಡ, ಜಗಳ ಕನ್ನಡ, ಬೈಗುಳವಂತೂ ಅಚ್ಚ ಕನ್ನಡ!

ಈ ಕುರ್ಚಿಯಿಂದ ವಿಧಾನಸಭೆಗೆ ಹೋಗಲು ಶಾಮನೂರು ಅವರಿಗೆ ಎಷ್ಟು ಕಾಲ ಹಿಡಿಯಿತು ಗೊತ್ತೆ? ಅವರು ಮೊದಲ ಸಲ ಶಾಸಕರಾದದ್ದು 1994ರಲ್ಲಿ. ಆಗ ಅವರಿಗೆ ಅರವತ್ಮೂರು. ಸರ್ಕಾರಿ ನೌಕರನಾಗಿದ್ದರೆ ಪಿಂಚಣಿ ತೆಗೆದುಕೊಂಡು ಮೊಮ್ಮಕ್ಕಳನ್ನು ಆಡಿಸುವ ಹೊತ್ತು. ಇವರು ಆಗ ಶುರು ಮಾಡಿದರು. ನಡುವಿನ ವರ್ಷಗಳಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಗೌರವ ಕಾರ್ಯದರ್ಶಿಯಾಗಿ ಕಾಲೇಜಿನ ಮೇಲೆ ಕಾಲೇಜು ಕಟ್ಟಿದರು. ಮಂಡಿ ಊರು ವಿದ್ಯಾಕೇಂದ್ರವಾದ ಕಥೆಯಲ್ಲಿ ಅವರದು ದೊಡ್ಡ ಪಾಲು. ಐದು ತಾಲೂಕಿನ ಹುಡುಗರು ಧಾರವಾಡಕ್ಕೋ ಬೆಂಗಳೂರಿಗೋ ಹೋಗುವ ಬದಲು ದಾವಣಗೆರೆ ಬಸ್ಸು ಹತ್ತಿದ್ದು ಇದರಿಂದಲೇ. ಕಾಲೇಜಿನ ಒಡೆತನ, ಕಾರ್ಖಾನೆಯ ಒಡೆತನ, ಓಟಿನ ಒಡೆತನ ಮೂರೂ ಒಂದೇ ಮನೆಯಲ್ಲಿ ಸೇರಿದರೆ ಊರಿಗೆ ಏನಾಗುತ್ತದೆ ಎಂಬ ಪ್ರಶ್ನೆಯೂ ಅದರ ಜೊತೆಗೇ ಹುಟ್ಟಿತು. ಆ ಪ್ರಶ್ನೆಯನ್ನು ನಾವು ಮುಚ್ಚಿಡುವುದಿಲ್ಲ. ಅದು ದಾವಣಗೆರೆಯ ಪ್ರಶ್ನೆ ಮಾತ್ರವಲ್ಲ, ಇಡೀ ಕರ್ನಾಟಕದ್ದು.

1998ರ ಚುನಾವಣೆಯಲ್ಲಿ ಅವರು ದಾವಣಗೆರೆಯಿಂದ ಲೋಕಸಭೆಗೆ ಗೆದ್ದರು. ಆಗ ಅರವತ್ತಾರು. ಮುನಿಸಿಪಾಲಿಟಿಯ ಅಧ್ಯಕ್ಷ ಪಾರ್ಲಿಮೆಂಟಿನ ಸದಸ್ಯನಾದ. ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ' ಎಂದು ಬರೆಯುತ್ತಿದ್ದರು!

ಆದರೆ ದಿಲ್ಲಿಯ ಆಟ ಬೇರೆ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಒಂದು ಓಟಿನಿಂದ ಬಿತ್ತು. ಏಪ್ರಿಲ್ 26ಕ್ಕೆ ಲೋಕಸಭೆಯೇ ವಿಸರ್ಜನೆ. ದಾವಣಗೆರೆಯ ಎಂ.ಪಿ.ಗೆ ಸಿಕ್ಕಿದ್ದು ಹದಿಮೂರು ತಿಂಗಳು. ಹೊಸಬನಿಗೆ ಪಾರ್ಲಿಮೆಂಟ್ ಭವನದ ಓಣಿಗಳು ಗುರುತಾಗಲಿಕ್ಕೇ ಅಷ್ಟು ದಿನ ಬೇಕು. ಮತ್ತೆ ಚುನಾವಣೆ ಬಂತು, ಅವರು ಸೋತರು. ಗೆದ್ದವರು ಜಿ. ಮಲ್ಲಿಕಾರ್ಜುನಪ್ಪ.

ಒಂದು ಲೆಕ್ಕ ಹೇಳುತ್ತೇವೆ, ಕೇಳಿ. ಎಂ.ಪಿ.ಗಳಿಗೆ ಊರ ಕೆಲಸಕ್ಕೆಂದು ಕೊಡುವ ನಿಧಿ ಶುರುವಾದದ್ದು 1993ರಲ್ಲಿ. 1998ರ ಕೊನೆಗೆ ಅದನ್ನು ವರ್ಷಕ್ಕೆ 2 ಕೋಟಿ ರೂಪಾಯಿಗೆ ಏರಿಸಿದರು. ದೊಡ್ಡ ಮೊತ್ತ ಅನ್ನಿಸುತ್ತದಲ್ಲವೇ? ಒಂದು ಲೋಕಸಭಾ ಕ್ಷೇತ್ರ ಎಂದರೆ ನಮ್ಮ ರಾಜ್ಯದಲ್ಲಿ ಎಂಟು ವಿಧಾನಸಭಾ ಕ್ಷೇತ್ರ. ಹಂಚಿದರೆ ಒಂದೊಂದಕ್ಕೆ 25 ಲಕ್ಷ. ಒಂದೊಂದು ವಿಧಾನಸಭಾ ಕ್ಷೇತ್ರದಲ್ಲೂ ನೂರಾರು ಹಳ್ಳಿ. ಹಳ್ಳಿಗೊಂದು ಬಸ್ ತಂಗುದಾಣವೂ ಆಗುವುದಿಲ್ಲ! ಊರ ಚರಂಡಿಗೆ ಕೈಯಿಟ್ಟು ಕೆಲಸ ಮಾಡಿಸಿದವನಿಗೆ ಈ ದುಡ್ಡು ಯಾವ ಮೂಲೆಗೆ? ಎಂ.ಪಿ.ಯ ನಿಜವಾದ ಕೆಲಸ ಕಾನೂನು ಮಾಡುವುದು, ರೈಲು ಕೇಳುವುದು, ನೀರಿನ ಪಾಲು ಕೇಳುವುದು. ಕೇಳಬೇಕಾದರೆ ಬಾಯಿ ಬೇಕು. ಯಾವ ಭಾಷೆಯ ಬಾಯಿ?

ಇಲ್ಲಿಗೇ ಬಂತು ನೋಡಿ ನಮ್ಮ ಹಳೆಯ ಗಾಯ. ವಾರ್ಡಿನಲ್ಲಿ, ಮಂಡಿಯಲ್ಲಿ, ಮುನಿಸಿಪಾಲಿಟಿಯಲ್ಲಿ ಕನ್ನಡದಲ್ಲೇ ಪಳಗಿದ ಮನುಷ್ಯ ದಿಲ್ಲಿಗೆ ಹೋದ ಕೂಡಲೇ ಅರ್ಧ ಮೂಗನಾಗುತ್ತಾನೆ. ಸಂವಿಧಾನದ 120ನೆಯ ವಿಧಿ ಏನು ಹೇಳುತ್ತದೆ? ಪಾರ್ಲಿಮೆಂಟಿನ ವ್ಯವಹಾರ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಆ ಎರಡರಲ್ಲೂ ಸರಿಯಾಗಿ ಹೇಳಲಾರದವನಿಗೆ ಮಾತ್ರ, ಸಭಾಧ್ಯಕ್ಷರು ಅನುಮತಿ ಕೊಟ್ಟರೆ, ತಾಯಿನುಡಿ. ಅಂದರೆ 'ನನಗೆ ನಿಮ್ಮ ಭಾಷೆ ಬರುವುದಿಲ್ಲ, ಕ್ಷಮಿಸಿ' ಎಂದು ಅರ್ಜಿ ಹಾಕಿಕೊಂಡ ಮೇಲೆ ಕನ್ನಡ! ಈ ಅವಮಾನವನ್ನು ನುಂಗದೆ 1967ರಲ್ಲಿ ಎದ್ದು ನಿಂತು ಲೋಕಸಭೆಯಲ್ಲಿ ಮೊದಲು ಕನ್ನಡ ಮಾತಾಡಿದವರು ಜೆ.ಎಚ್. ಪಟೇಲ್. ಕಾರಿಗನೂರಿನ ಪಟೇಲ್, ದಾವಣಗೆರೆಯ ಪಕ್ಕದ ಚನ್ನಗಿರಿ ತಾಲೂಕಿನವರು. ಅವರಿಗೆ ಇಂಗ್ಲಿಷ್ ಬಾರದೆ ಅಲ್ಲ. ಚೆನ್ನಾಗಿಯೇ ಬರುತ್ತಿತ್ತು. ಬಂದೂ ಕನ್ನಡ ಮಾತಾಡಿದರು ಎಂಬುದೇ ಅದರ ಖದರು. ಈಗ ಲೋಕಸಭೆಯಲ್ಲಿ ಕನ್ನಡಕ್ಕೆ ಆಗಿಂದಾಗಲೇ ಅನುವಾದ ಮಾಡುವ ವ್ಯವಸ್ಥೆಯಿದೆ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡರೆ ಸಾಕು. ಹಾಗಿದ್ದೂ ನಮ್ಮ 28 ಮಂದಿಯಲ್ಲಿ ಎಷ್ಟು ಮಂದಿ ಕನ್ನಡದಲ್ಲಿ ನಿಲ್ಲುತ್ತಾರೆ, ನೀವೇ ಕಲಾಪ ಹಾಕಿಕೊಂಡು ನೋಡಿ.

ಅದೇ ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ಏಳು ಹೊಸ ಜಿಲ್ಲೆ ಮಾಡಿದರು. ದಾವಣಗೆರೆ ಜಿಲ್ಲೆಯಾಯಿತು. ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು. ಶಾಮನೂರು ಎಂ.ಪಿ. ಆಗುವ ಹೊತ್ತಿಗೆ ಈ ಮದುವೆಗೆ ಒಂದು ವರ್ಷವೂ ತುಂಬಿರಲಿಲ್ಲ.

ಹರಪನಹಳ್ಳಿಯ ಹಣೆಬರಹವನ್ನು ಒಂದು ಸಲ ಓದಿ, ತಮ್ಮಂದಿರೇ. 1953ರ ಸೆಪ್ಟೆಂಬರ್‌ವರೆಗೆ ಮದರಾಸು. ಅಕ್ಟೋಬರ್ 1ರಿಂದ ಮೈಸೂರು ರಾಜ್ಯದ ಬಳ್ಳಾರಿ. ಹಡಗಲಿ, ಕೂಡ್ಲಿಗಿ ಕೂಡ ಅದೇ ದಿನ ಕನ್ನಡದ ಮಡಿಲಿಗೆ ಬಂದವು. ಆ ದಿನವನ್ನು ತರಲು ಬಳ್ಳಾರಿಯಲ್ಲಿ ರಂಜಾನ್ ಸಾಬರು ಪ್ರಾಣ ಕೊಟ್ಟರು ಎಂಬುದನ್ನು ಮರೆತವನು ಕನ್ನಡಿಗನೇ ಅಲ್ಲ. 1997ರಲ್ಲಿ ದಾವಣಗೆರೆ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ ಜಿಲ್ಲೆ. ಊರು ಇದ್ದಲ್ಲೇ ಇದೆ, ಉಚ್ಚಂಗಿದುರ್ಗದ ಗುಡ್ಡವೂ ಕದಲಿಲ್ಲ. ಕಚೇರಿಯ ರಬ್ಬರ್ ಮೊಹರು ಮಾತ್ರ ಬದಲಾಗುತ್ತಲೇ ಬಂತು!

ಬದಲಾದದ್ದು ಮೊಹರು ಮಾತ್ರ ಎಂದು ಸುಮ್ಮನಿರುವಂತಿಲ್ಲ. 371(ಜೆ) ವಿಧಿ ಬಂತಲ್ಲ, ಸಂವಿಧಾನದ 98ನೆಯ ತಿದ್ದುಪಡಿ? ಹೈದರಾಬಾದ್ ಕರ್ನಾಟಕದ ಜಿಲ್ಲೆಗಳ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಪಾಲು ಕೊಟ್ಟ ತಿದ್ದುಪಡಿ. ಬಳ್ಳಾರಿ ಜಿಲ್ಲೆ ಪಟ್ಟಿಯಲ್ಲಿ ಸೇರಿತು. ದಾವಣಗೆರೆ ಸೇರಲಿಲ್ಲ. ಹೀಗಾಗಿ ಕೂಡ್ಲಿಗಿಯ ಹುಡುಗನಿಗೆ ಸಿಕ್ಕ ಸೀಟು ಹರಪನಹಳ್ಳಿಯ ಹುಡುಗನಿಗೆ ಸಿಗಲಿಲ್ಲ. ಒಂದೇ ಬಿಸಿಲು, ಒಂದೇ ಬರ, ಒಂದೇ ಎರೆ ಮಣ್ಣು. ಆದರೆ ಒಬ್ಬ ಒಳಗೆ, ಇನ್ನೊಬ್ಬ ಹೊರಗೆ. 1997ರಲ್ಲಿ ಜಿಲ್ಲಾ ಕಚೇರಿ ಹತ್ತಿರವಾಯಿತು ಎಂದು ಖುಷಿಪಟ್ಟ ಜನವೇ ಆಮೇಲೆ ಬೀದಿಗಿಳಿದರು. ಶಾಸಕರಾಗಿದ್ದ ಎಂ.ಪಿ. ರವೀಂದ್ರ, ಹಡಗಲಿಯ ಎಂ.ಪಿ. ಪ್ರಕಾಶರ ಮಗ, ಇದನ್ನೇ ಹಿಡಿದು ಹೋರಾಡಿದರು. 2018ರ ಚುನಾವಣೆಯಲ್ಲಿ ಸೋತರು, ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ತಾಲೂಕು ಮಾತ್ರ ಬಳ್ಳಾರಿಗೆ ಮರಳಿತು.

ಆದರೂ ನೋಡಿ ತಮಾಷೆ. ಜಿಲ್ಲೆ ವಿಜಯನಗರ, ಲೋಕಸಭೆಗೆ ಓಟು ಹಾಕುವುದು ಮಾತ್ರ ಇವತ್ತಿಗೂ ದಾವಣಗೆರೆಗೆ! ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಓಟು ಬಳ್ಳಾರಿಗೆ. ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ವೈ. ದೇವೇಂದ್ರಪ್ಪ 2019ರಿಂದ 2024ರವರೆಗೆ ಎಂ.ಪಿ. ಆಗಿದ್ದರು. ಎಲ್ಲಿಂದ? ಬಳ್ಳಾರಿಯಿಂದ. ಅವರ ಸ್ವಂತ ತಾಲೂಕಿನ ಜನ ಅವರಿಗೆ ಓಟು ಹಾಕುವಂತೆಯೇ ಇರಲಿಲ್ಲ. ಐದು ತಾಲೂಕು ಒಟ್ಟಿಗೆ ಕೂತು 'ಇವನು ನಮ್ಮವನು' ಎಂದು ಒಬ್ಬನನ್ನು ದಿಲ್ಲಿಗೆ ಕಳಿಸುವ ದಾರಿಯನ್ನೇ ನಕ್ಷೆ ಬರೆಯುವವರು ಮುಚ್ಚಿಟ್ಟಿದ್ದಾರೆ.

ಬಳ್ಳಾರಿ ಕ್ಷೇತ್ರಕ್ಕಂತೂ ಹೊರಗಿನವರ ಹುಚ್ಚು ಹಳೆಯದು. 1999ರಲ್ಲಿ ಸೋನಿಯಾ ಗಾಂಧಿ ಇಲ್ಲಿಗೆ ಬಂದು ನಿಂತರು, ಎದುರಿಗೆ ಸುಷ್ಮಾ ಸ್ವರಾಜ್. ಸೋನಿಯಾ ಗೆದ್ದರು, ಅಮೇಠಿ ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಕೂಡ್ಲಿಗಿಯ ಬಡವ ಬಿಸಿಲಲ್ಲಿ ಸಾಲು ನಿಂತು ಒತ್ತಿದ ಮುದ್ರೆ ಅಷ್ಟಕ್ಕೆ ಮುಗಿಯಿತು. ಸುಷ್ಮಾ ಅವರದು ಒಂದು ಮಾತು ಹೇಳಲೇಬೇಕು: ಪ್ರಚಾರದ ಆ ಕೆಲವು ವಾರಗಳಲ್ಲೇ ಕನ್ನಡ ಕಲಿತು ವೇದಿಕೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಹರಿಯಾಣದ ಹೆಂಗಸಿಗೆ ಕೆಲವೇ ವಾರದಲ್ಲಿ ಬಂದ ಕನ್ನಡ ನಮ್ಮೂರ ಬ್ಯಾಂಕಿನ ಮ್ಯಾನೇಜರಿಗೆ ಮೂರು ವರ್ಷವಾದರೂ ಬರುವುದಿಲ್ಲ! ಇರಲಿ, ಅದರ ಸಂಗತಿ ಇನ್ನೊಂದು ಸಂಚಿಕೆಗೆ.

ಈಗ ಮತ್ತೆ ಶಾಮನೂರು ಅವರ ಕಡೆ ಬರೋಣ. ದಿಲ್ಲಿಯಲ್ಲಿ ಸೋತ ಮನುಷ್ಯ ಏನು ಮಾಡಿದರು? ದಿಲ್ಲಿಯ ಬಂಗಲೆಗೆ ಹಂಬಲಿಸುತ್ತಾ ಕೂರಲಿಲ್ಲ. ಊರಿಗೆ ಬಂದರು. 2004ರಲ್ಲಿ ಮತ್ತೆ ಶಾಸಕ. 2008ರಿಂದ ದಾವಣಗೆರೆ ದಕ್ಷಿಣ. 2013, 2018, 2023... ಸಾಲಾಗಿ ಗೆಲುವು. 2013ರಲ್ಲಿ ಮಂತ್ರಿಯಾದರು, 2016ರಲ್ಲಿ ಅದೂ ಹೋಯಿತು. ಗೆಲ್ಲುವುದು ಮಾತ್ರ ನಿಲ್ಲಲಿಲ್ಲ. ಯಾಕೆ? ಹಣ ಎನ್ನುತ್ತೀರಿ. ಜಾತಿ ಎನ್ನುತ್ತೀರಿ. ಎರಡೂ ಇತ್ತು, ಇಲ್ಲ ಎನ್ನಲು ನಾವು ಅವರ ಮನೆಯ ಗುಮಾಸ್ತರಲ್ಲ. ಆದರೆ ದಾವಣಗೆರೆ ದಕ್ಷಿಣ ಎಂದರೆ ಹಳೆಯ ಊರು. ಮುಸ್ಲಿಮರ, ಕೂಲಿಕಾರರ, ಮಂಡಿ ಹಮಾಲರ ಓಣಿಗಳು. ಹಣವಂತರು, ಜಾತಿಬಲ ಇರುವವರು ಊರಲ್ಲಿ ಅವರೊಬ್ಬರೇ ಅಲ್ಲ. ಅಲ್ಲಿನ ಓಣಿ ಓಣಿಯ ಗುರುತು ಮುನಿಸಿಪಾಲಿಟಿಯ ದಿನಗಳಿಂದ ಇದ್ದವನಿಗೆ ಅದೇ ಬಂಡವಾಳ. ದಿಲ್ಲಿ ಅದನ್ನು ಕಸಿದುಕೊಳ್ಳಲಾಗಲಿಲ್ಲ, ದಿಲ್ಲಿ ಅದನ್ನು ಕೊಟ್ಟಿರಲೂ ಇಲ್ಲ.

ಅವರನ್ನು ಹೊತ್ತು ಮೆರೆಸುವ ಉದ್ದೇಶ ನಮಗಿಲ್ಲ. ಬಾಯಿ ಬಿಗಿ ಹಿಡಿದವರಲ್ಲ ಅವರು. ತಮ್ಮದೇ ಪಕ್ಷದ ಸರ್ಕಾರವಿದ್ದಾಗ, 2023ರಲ್ಲಿ, ಲಿಂಗಾಯತ ಅಧಿಕಾರಿಗಳನ್ನು ಮೂಲೆಗುಂಪು ಮಾಡುತ್ತಿದ್ದಾರೆ ಎಂದು ಬಹಿರಂಗವಾಗಿ ಹೇಳಿದರು. ಮುಖ್ಯಮಂತ್ರಿಗೆ ಹೆದರದೆ ಮಾತಾಡುವುದು ಒಂದು ಗುಣವೇ. ಮಾತಾಡಿದ್ದು ಊರಿನ ಪರವಾಗಿಯೋ ಸಮಾಜದ ಪರವಾಗಿಯೋ ಎಂಬುದು ಬೇರೆ ಪ್ರಶ್ನೆ. 2024ರಲ್ಲಂತೂ ಎದುರಾಳಿ ಪಕ್ಷದ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರನ್ನು ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು ಎಂಬರ್ಥದಲ್ಲಿ ಹೀಗಳೆದರು. ಅವರು ಯಾರ ಪರ ಪ್ರಚಾರ ಮಾಡುತ್ತಿದ್ದರು? ತಮ್ಮದೇ ಸೊಸೆಯ ಪರ! ಸೊಸೆ ಪ್ರಭಾ ಮಲ್ಲಿಕಾರ್ಜುನ್ ಗೆದ್ದು ದಾವಣಗೆರೆಯ ಮೊದಲ ಮಹಿಳಾ ಎಂ.ಪಿ. ಆದರು. ಮಗ ಮಲ್ಲಿಕಾರ್ಜುನ ಮಂತ್ರಿ. ಎದುರು ಪಕ್ಷದಲ್ಲಾದರೂ ಏನಿತ್ತು? ಮಲ್ಲಿಕಾರ್ಜುನಪ್ಪನವರಾದ ಮೇಲೆ ಅವರ ಮಗ ಸಿದ್ದೇಶ್ವರ, ಸಿದ್ದೇಶ್ವರರಾದ ಮೇಲೆ ಅವರ ಹೆಂಡತಿ ಅಭ್ಯರ್ಥಿ. 1996ರಿಂದ ಇಂದಿನವರೆಗೆ ದಾವಣಗೆರೆಯ ಲೋಕಸಭೆ ಸೀಟು ಎರಡೇ ಮನೆಗಳ ನಡುವೆ ತಿರುಗುತ್ತಿದೆ. ಹರಪನಹಳ್ಳಿಯ ಓಟುದಾರ ಈ ಎರಡು ಮನೆಗಳಲ್ಲಿ ಒಂದಕ್ಕೆ ತೋರಣ ಕಟ್ಟುತ್ತಾ ಬಂದಿದ್ದಾನೆ. ದುಗ್ಗಾವತಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವನೂ ಅವನೇ. ಅದೂ ಶಾಮನೂರು ಹೆಸರಿನದೇ.

ಮುನಿಸಿಪಾಲಿಟಿಯಿಂದ ಮೇಲೆ ಹತ್ತಿದ ಏಣಿಯನ್ನು ಮನೆಯೊಳಗೆ ಎಳೆದುಕೊಂಡರೆ ಹೀಗಾಗುತ್ತದೆ. ಮೊದಲ ತಲೆಮಾರಿನವನು ವಾರ್ಡಿನಿಂದ ಬರುತ್ತಾನೆ, ಎರಡನೆಯ ತಲೆಮಾರು ಮನೆಯಿಂದ ಬರುತ್ತದೆ.

ಹಾಗಾದರೆ ವಾರ್ಡಿನಿಂದ ಬರುವ ಹೊಸಬರು ಎಲ್ಲಿ? ಬರಲು ಬಿಟ್ಟರೆ ತಾನೇ! 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಪಟ್ಟಣಗಳಿಗೆ ಹದಿನೆಂಟು ಬಗೆಯ ಕೆಲಸ ವಹಿಸಬಹುದೆಂದು ಸಂವಿಧಾನದಲ್ಲೇ ಪಟ್ಟಿ ಬರೆದರು. ನಡೆದದ್ದೇನು? 2018ರಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಿಗೆ ಚುನಾವಣೆ ಆಯಿತು. ಗೆದ್ದವರು ಹಾರ ಹಾಕಿಸಿಕೊಂಡು ಮನೆಗೆ ಹೋದರು, ಅಷ್ಟೇ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ 2020ರ ಕೊನೆಯವರೆಗೂ ಎಷ್ಟೋ ಊರುಗಳಲ್ಲಿ ಅಧ್ಯಕ್ಷರೇ ಇರಲಿಲ್ಲ. ಎರಡನೆಯ ಅವಧಿಗೂ ಅದೇ ರಾಗ, ಪಟ್ಟಿ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಯಾರ ಆಳ್ವಿಕೆ? ಅಧಿಕಾರಿಗಳದ್ದು. ಒಬ್ಬ ಅಧ್ಯಕ್ಷನಿಗೆ ಸಿಗುವುದೇ ಮೂವತ್ತು ತಿಂಗಳು. ಅಷ್ಟರಲ್ಲಿ ಅವನು ಕಡತ ಓದುವುದು ಕಲಿಯಬೇಕೋ, ಎದುರು ಗುಂಪಿನ ಅವ್ಯಶ್ವಾಸಕ್ಕೆ ಹೆದರಿ ಸದಸ್ಯರನ್ನು ರೆಸಾರ್ಟಿಗೆ ಕರೆದೊಯ್ಯಬೇಕೋ?

ಇದರಲ್ಲಿ ಕನ್ನಡಕ್ಕೇನು ಬಂತು ಎಂದು ಕೇಳುವ ಗೆಳೆಯರಿದ್ದಾರೆ. ಬೆಂಗಳೂರಿನಲ್ಲಿ ಬೋರ್ಡಿಗೆ ಮಸಿ ಬಳಿಯುವಾಗ ನೀವು ಮುಂದೆ ಇರುತ್ತೀರಿ, ಸಂತೋಷ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅಂಗಡಿಗೆ ಲೈಸೆನ್ಸ್ ಕೊಡುವವರು ಯಾರು? ಪುರಸಭೆ. ಲೈಸೆನ್ಸ್ ನವೀಕರಣ ನಿಲ್ಲಿಸಬಲ್ಲವರು ಯಾರು? ಪುರಸಭೆ. ಕೊಟ್ಟೂರು ತೇರಿನ ಬೀದಿಯಲ್ಲಿ ಹೊಸ ಕಂಪನಿಯ ಶೋರೂಮು ಇಂಗ್ಲಿಷ್ ಬೋರ್ಡು ಹಾಕಿದರೆ ಅದನ್ನು ಇಳಿಸಲು ಮಸಿ ಡಬ್ಬ ಬೇಡ. ಪಟ್ಟಣ ಪಂಚಾಯಿತಿಯಲ್ಲಿ ಒಂದು ನೋಟೀಸು ಟೈಪ್ ಮಾಡಿಸುವ ಸದಸ್ಯ ಬೇಕು. ನಿಮ್ಮ ಎಂ.ಪಿ. ದಿಲ್ಲಿಯಿಂದ ಬಂದು ಅದನ್ನು ಮಾಡುವುದಿಲ್ಲ.

ಐದು ತಾಲೂಕಿನಲ್ಲೂ ಪುರಸಭೆಯೋ ಪಟ್ಟಣ ಪಂಚಾಯಿತಿಯೋ ಇದೆ. ಮೈಲಾರದ ಕಾರ್ಣಿಕಕ್ಕೆ, ಕೊಟ್ಟೂರೇಶ್ವರನ ತೇರಿಗೆ ರಜೆ ಹಾಕಿ ಊರಿಗೆ ಓಡುವ ನೀವು ವಾರ್ಡ್ ಚುನಾವಣೆಗೆ ಯಾಕೆ ಹೋಗುವುದಿಲ್ಲ? ಇಪ್ಪತ್ತೊಂದು ವರ್ಷ ತುಂಬಿದ್ದರೆ ನಿಲ್ಲಬಹುದು. ಲೋಕಸಭೆಗಾದರೆ ಇಪ್ಪತ್ತೈದಾಗಬೇಕು, ಕೋಟಿಗಟ್ಟಲೆ ಬೇಕು, ಹೈಕಮಾಂಡಿನ ಕೃಪೆ ಬೇಕು. ವಾರ್ಡಿಗೆ ಬೇಕಾದದ್ದು ಓಣಿಯ ಕೆಲವು ನೂರು ಮನೆಗಳ ಗುರುತು. ಬೆಂಗಳೂರಿನ ವಿಳಾಸಕ್ಕೆ ಓಟಿನ ಚೀಟಿ ವರ್ಗಾಯಿಸಿಕೊಂಡವರು ಇಲ್ಲಿಯ ವಾರ್ಡನ್ನಾದರೂ ನೋಡಿಕೊಳ್ಳಿ. ವರ್ಗಾಯಿಸಿಕೊಳ್ಳದವರು ಈ ಭಾನುವಾರ ಮನೆಗೆ ಫೋನು ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ ಇನ್ನೆರಡು ವಿಷಯ ಕೇಳಿ: ನಮ್ಮ ವಾರ್ಡಿನ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ? ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಿದೆ?